ಡಿಶ್‌ವಾಶರ್‌ಗೆ ಶೂ ಹಾಕುವ ಮುನ್ನ

ಪಾತ್ರೆ ತೊಳೆಯುವ ಯಂತ್ರದಲ್ಲಿ ಶೂ ತೊಳೆಯಬಹುದೇ ಎಂದು ಕೇಳಿದರೆ ಎರಡು ಥರದ ಉತ್ತರ ಬರುತ್ತದೆ. ಕೆಲವರಿಗೆ ಊಟದ ತಟ್ಟೆ ಇಡುವ ಜಾಗದಲ್ಲಿ ಶೂ ಎಂದ ಕೂಡಲೇ ಹೇಸಿಗೆ. ಇನ್ನು ಕೆಲವರಿಗೆ, ಅಷ್ಟು ಬಿಸಿ ನೀರು, ಅಷ್ಟು ತೀಕ್ಷ್ಣವಾದ ಸೋಪು ಬಿದ್ದ ಮೇಲೆ ಯಾವ ಕ್ರಿಮಿ ಉಳಿದೀತು ಅನ್ನುವ ಧೈರ್ಯ. ಹೇಸಿಗೆ, ಧೈರ್ಯ ಎರಡನ್ನೂ ಪಕ್ಕಕ್ಕಿಟ್ಟು ಯಂತ್ರದೊಳಗೆ ಏನು ನಡೆಯುತ್ತದೆ ಎಂದು ನೋಡಿದರೆ ತೊಡಕು ಎಲ್ಲಿದೆ ಎಂದು ಗೊತ್ತಾಗುತ್ತದೆ: ರೋಗಾಣು ಸಾಯುವಷ್ಟು ಬಿಸಿಯನ್ನು ಶೂ ತಡೆಯುವುದಿಲ್ಲ, ಶೂ ತಡೆಯುವಷ್ಟು ಬಿಸಿಗೆ ರೋಗಾಣು ಸಾಯುವುದಿಲ್ಲ.

ಮೊದಲು ನೀರಿನ ಲೆಕ್ಕ. ಒಂದು ಪೂರ್ತಿ ತೊಳೆತಕ್ಕೆ ಈಗಿನ ಯಂತ್ರಗಳಿಗೆ ಸುಮಾರು 9ರಿಂದ 14 ಲೀಟರ್ ಬೇಕು. ಅದು ಒಟ್ಟಿಗೆ ಬರುವುದಿಲ್ಲ. ಮೊದಲು ನೆನೆಸುವುದು, ಆಮೇಲೆ ಸೋಪು ಹಾಕಿ ತೊಳೆಯುವುದು, ನಡುವೆ ಒಮ್ಮೆ ಜಾಲಿಸುವುದು, ಕೊನೆಗೆ ಬಿಸಿ ನೀರಲ್ಲಿ ಜಾಲಿಸುವುದು, ಹೀಗೆ ಪ್ರತಿ ಹಂತಕ್ಕೂ ಮೂರ್ನಾಲ್ಕು ಲೀಟರ್ ಮಾತ್ರ. ತಳದ ಪಂಪು ಅಷ್ಟನ್ನೇ ಎತ್ತಿ, ತಿರುಗುವ ತೋಳುಗಳ ರಂಧ್ರಗಳಿಂದ ಚಿಮ್ಮಿಸುತ್ತದೆ. ನೀರು ಪಾತ್ರೆಗೆ ಬಡಿದು, ಕೆಳಗಿಳಿದು, ಫಿಲ್ಟರ್ ದಾಟಿ ಮತ್ತೆ ಪಂಪಿಗೆ ಹೋಗುತ್ತದೆ. ಆ ಹಂತ ಮುಗಿಯುವವರೆಗೂ ಅದೇ ನೀರು ಸುತ್ತುತ್ತಲೇ ಇರುತ್ತದೆ. ಅಂದರೆ ಶೂವಿನ ಅಟ್ಟೆಯಿಂದ ಬಿಟ್ಟ ಕೊಳೆ ತೊಳೆದು ಹೊರಗೆ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಅದೇ ಕೊಳೆ ಶೂವಿನ ಒಳಭಾಗಕ್ಕೂ, ಯಂತ್ರದ ಗೋಡೆಗೂ, ಬಾಗಿಲಿನ ರಬ್ಬರಿಗೂ ಬಡಿದು ಬಂದಿರುತ್ತದೆ. ಬಟ್ಟೆ ಒಗೆಯುವ ಯಂತ್ರದಲ್ಲಿ ನೀರು ಹೆಚ್ಚು, ಬಟ್ಟೆ ಉಜ್ಜಾಡುತ್ತದೆ, ಕೊನೆಗೆ ಹಿಂಡುವ ವ್ಯವಸ್ಥೆಯೂ ಇದೆ. ಇಲ್ಲಿ ಉಜ್ಜುವ ಕೆಲಸ ಸ್ವಲ್ಪವೂ ಇಲ್ಲ. ನೀರಿನ ಹೊಡೆತ, ಬಿಸಿ, ಸೋಪು ಮೂರರ ಮೇಲೇ ಎಲ್ಲ ನಿಂತಿದೆ. ಗಾಜು, ಪಿಂಗಾಣಿ, ಉಕ್ಕಿನಂಥ ನೀರು ಹೀರದ ನುಣುಪು ಮೈಗೆ ಇಷ್ಟು ಸಾಕು. ಬಟ್ಟೆ, ಸ್ಪಂಜು, ಹೊಲಿಗೆ, ಅಂಟು ಸೇರಿದ ವಸ್ತುವಿಗೆ ಸಾಲದು.

ಇನ್ನು ಬಿಸಿ. ಬಹಳಷ್ಟು ಯಂತ್ರಗಳಲ್ಲಿ ಗಾಜಿನ ಲೋಟದ ಕ್ರಮ (ಪ್ರೋಗ್ರಾಂ) 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಇಕೋ 45ರಿಂದ 55ರ ನಡುವೆ, ಇಂಟೆನ್ಸಿವ್ 65ರಿಂದ 75ರ ನಡುವೆ ಓಡುತ್ತದೆ. ಮನೆಬಳಕೆಯ ಡಿಶ್‌ವಾಶರ್‌ಗಳಿಗೆ ಅಮೆರಿಕದಲ್ಲಿ ಎನ್‌ಎಸ್‌ಎಫ್/ಆನ್ಸಿ 184 ಎಂಬ ಮಾನದಂಡವಿದೆ. ಯಂತ್ರದ ಮೇಲೆ 'ಸ್ಯಾನಿಟೈಸ್' ಎಂದು ಬರೆದುಕೊಂಡು ಅದರ ಮುದ್ರೆ ಪಡೆಯಬೇಕಾದರೆ ಕೊನೆಯ ಜಾಲಿಕೆಯ ನೀರು ಕನಿಷ್ಠ 150 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 65.5 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಬ್ಯಾಕ್ಟೀರಿಯಾ ಶೇ 99.999ರಷ್ಟು ಇಳಿಯಬೇಕು. ಲಕ್ಷಕ್ಕೆ ಒಂದು ಉಳಿದರೆ ಪಾಸು. ಈ ಭರವಸೆಯನ್ನು ಕೊಟ್ಟಿರುವುದು ಪಾತ್ರೆಗೆ, ಅದೂ ಆ ಕ್ರಮ ಪೂರ್ತಿ ಓಡಿದಾಗ. 40 ಡಿಗ್ರಿಯ ಅರ್ಧ ಗಂಟೆಯ ತೊಳೆತಕ್ಕೆ ಈ ಅಂಕಿಯನ್ನು ಅಂಟಿಸಿ ಮಾತಾಡುವುದು ತಪ್ಪು. ಕಾಲಿನ ಹುಳುಕಡ್ಡಿಗೆ ಕಾರಣವಾಗುವ ಟ್ರೈಕೊಫೈಟಾನ್ ಶಿಲೀಂಧ್ರ 30, 40 ಡಿಗ್ರಿಯ ತೊಳೆತದಲ್ಲಿ ಬದುಕಿ ಉಳಿಯಬಲ್ಲದು. ಅದನ್ನು ಖಚಿತವಾಗಿ ಕೊಲ್ಲಲು 60 ಡಿಗ್ರಿ ಬೇಕು.

ಅದಕ್ಕೂ ಮೇಲಿನ ಮಾತು ಬೀಜಕಗಳದ್ದು. ಮಣ್ಣಿನಲ್ಲಿ ಸಹಜವಾಗಿ ಇರುವ ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ಗಟ್ಟಿ ಹೊದಿಕೆಯ ಬೀಜಕಗಳಾಗಿ ಕೂರುತ್ತವೆ. ಇವು 70 ಡಿಗ್ರಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಆಸ್ಪತ್ರೆಗಳಲ್ಲಿ ಇವುಗಳಿಗೆಂದೇ ಆಟೋಕ್ಲೇವ್‌ನಲ್ಲಿ ಒತ್ತಡದ ಹಬೆಯನ್ನು 121 ಡಿಗ್ರಿಗೆ ಏರಿಸಿ 15 ನಿಮಿಷ ಹಿಡಿಯುತ್ತಾರೆ. ಹಾಗೆಂದು ಗಾಬರಿ ಬೇಡ, ಆರೋಗ್ಯವಂತರಿಗೆ ಒಂದಿಷ್ಟು ಮಣ್ಣಿನ ಬೀಜಕದಿಂದ ಏನೂ ಆಗುವುದಿಲ್ಲ. ಆದರೆ 'ಡಿಶ್‌ವಾಶರ್ ಎಲ್ಲವನ್ನೂ ಕೊಲ್ಲುತ್ತದೆ' ಅನ್ನುವ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಸಾರ್ವಜನಿಕ ಶೌಚಾಲಯದ ನೆಲ ತುಳಿದ ಅಟ್ಟೆಯಲ್ಲಿ ಕರುಳಿನ ಬ್ಯಾಕ್ಟೀರಿಯಾ, ವೈರಸ್ ಇರುವುದು ಸಾಮಾನ್ಯ ಸಂಗತಿ. ಅವನ್ನು ಬೇಕೆಂದೇ ಅಡುಗೆಮನೆಯ ಯಂತ್ರದೊಳಗೆ ಕರೆದುಕೊಂಡು ಬರುವುದಕ್ಕೆ ಒಳ್ಳೆಯ ಕಾರಣವಾದರೂ ಇರಬೇಕು.

ಸರಿ, 70 ಡಿಗ್ರಿಗೇ ಹಾಕೋಣ ಅಂದರೆ ಶೂ ಗತಿ ಏನು? ಓಟದ ಶೂಗಳ ನಡುಪದರ ಹೆಚ್ಚಾಗಿ ಇವಿಎ ಎಂಬ ಹಗುರ ಫೋಮ್. 60 ಡಿಗ್ರಿ ದಾಟುತ್ತಿದ್ದಂತೆ ಅದು ಮೆತ್ತಗಾಗಿ ಕುಗ್ಗಲು ಶುರುವಾಗುತ್ತದೆ. ಆರಿದ ಮೇಲೆ ಹಳೆಯ ಅಳತೆಗೆ ಮರಳುವುದಿಲ್ಲ. ಪೂರ್ತಿ ಫೋಮ್‌ನಲ್ಲೇ ಎರಕ ಹೊಯ್ದ ಚಪ್ಪಲಿಗಳು ಒಂದು ಸೈಜು ಚಿಕ್ಕದಾಗುವುದು ಇದರಿಂದಲೇ. ಅಟ್ಟೆಯನ್ನು ಮೇಲ್ಭಾಗಕ್ಕೆ ಅಂಟಿಸುವ ಪಾಲಿಯುರಿಥೇನ್ ಅಂಟನ್ನು ಕಾರ್ಖಾನೆಯಲ್ಲೂ ಬಿಸಿ ಮಾಡಿಯೇ ಅಂಟಿಸುತ್ತಾರೆ. ಹೆಚ್ಚುಕಡಿಮೆ ಅದೇ ಬಿಸಿ ಮತ್ತೆ ತಾಗಿದರೆ ಹಿಡಿತ ಸಡಿಲವಾಗುತ್ತದೆ. ಮೊದಲು ಬಿಡುವುದು ಮುಂಗಾಲು ಮಡಿಚುವ ಕಡೆ. ಬೆರಳಿನಿಂದ ಒತ್ತಿ ನೋಡಿದರೆ ಕೂದಲೆಳೆಯಷ್ಟು ಸಂದು ಕಾಣುತ್ತದೆ, ಕೆಲವೇ ದಿನ ನಡೆದರೆ ಅದು ಬಾಯಿ ಬಿಡುತ್ತದೆ. ತೊಗಲಿನ ಶೂ ಬಗ್ಗೆ ಹೇಳುವುದೇ ಬೇಡ. ಮಾತ್ರೆ, ಪುಡಿ ಯಾವುದೇ ಆಗಲಿ ಡಿಶ್‌ವಾಶರ್ ಸೋಪಿನ ಪಿಎಚ್ 10, 11ರ ಮಟ್ಟದ್ದು, ಅಂದರೆ ಬಲವಾದ ಕ್ಷಾರ, ಜೊತೆಗೆ ಪ್ರೋಟೀನ್ ಕರಗಿಸುವ ಪ್ರೋಟಿಯೇಸ್ ಎಂಬ ಕಿಣ್ವ ಇರುತ್ತದೆ. ತಟ್ಟೆಗೆ ಅಂಟಿ ಒಣಗಿದ ಮೊಟ್ಟೆಯನ್ನು ಬಿಡಿಸುವುದಕ್ಕೆ ಹಾಕಿದ ವಸ್ತು ಅದು. ತೊಗಲು, ಉಣ್ಣೆ, ರೇಷ್ಮೆ ಮೂರೂ ಪ್ರೋಟೀನೇ ಎಂಬುದು ಆ ಕಿಣ್ವಕ್ಕೆ ಚೆನ್ನಾಗಿ ಗೊತ್ತು. ಬಣ್ಣದ ಬಟ್ಟೆಯ ಶೂ ಆದರೆ ಪರ್ಕಾರ್ಬನೇಟ್ ಎಂಬ ಬಿಳುಪುಕಾರಕ ಬಣ್ಣ ಎಳೆಯುತ್ತದೆ. ಬಿಳಿ ಶೂ ಆದರೆ ಇನ್ನೊಂದು ಪೇಚು: ಫೋಮ್ ಹೀರಿಕೊಂಡ ಕ್ಷಾರ ಪೂರ್ತಿ ಹೋಗದೆ, ಒಣಗುವಾಗ ನೀರಿನ ಜೊತೆ ಮೇಲಕ್ಕೆ ಬಂದು ಹೊಲಿಗೆಯ ಗುಂಟ ಹಳದಿ ಗೆರೆ ಬಿಡುತ್ತದೆ.

ಕ್ಷಾರದ ಸೋಪು ಬೇಡವೆಂದು ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನೋ ಬಟ್ಟೆ ಸೋಪನ್ನೋ ಹಾಕುವವರಿದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟ ಉಪಾಯ. ಇವು ನೊರೆ ಬರಲೆಂದೇ ಮಾಡಿದ ಸೋಪುಗಳು. ಪಂಪು ನೀರಿನ ಬದಲು ನೊರೆಯನ್ನು ಎಳೆಯತೊಡಗಿದರೆ ತೋಳು ತಿರುಗುವ ಒತ್ತಡವೇ ಇರುವುದಿಲ್ಲ. ನೊರೆ ಬಾಗಿಲಿನ ಕೆಳಗಿನಿಂದ ಹೊರಬರುತ್ತದೆ, ತಳದ ತಟ್ಟೆಯಲ್ಲಿ ನೀರು ಸೇರಿ ಸೋರಿಕೆ ತಡೆಯುವ ಸ್ವಿಚ್ಚು ಯಂತ್ರವನ್ನೇ ನಿಲ್ಲಿಸುತ್ತದೆ. ಹೀಗಾದರೆ ಯಂತ್ರ ನಿಲ್ಲಿಸಿ, ನೊರೆಯನ್ನು ಬಾಚಿ ತೆಗೆದು, ತಳಕ್ಕೆ ಒಂದು ಚಮಚ ಅಡುಗೆ ಎಣ್ಣೆ ಹಾಕಿ ನೀರು ಹೊರಹಾಕುವ ಕ್ರಮವನ್ನು ಓಡಿಸಿ. ಎಣ್ಣೆ ನೊರೆಯನ್ನು ಒಡೆಯುತ್ತದೆ. ಎಲ್ಲ ಹೋಗುವವರೆಗೆ ಒಂದೆರಡು ಸಲ ಬರೀ ನೀರಲ್ಲಿ ಓಡಿಸಬೇಕಾಗಬಹುದು.

ಈ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಯಂತ್ರದೊಳಗೆ ಉಳಿದುಹೋಗುವ ಕೊಳೆಯನ್ನು. ಪಾತ್ರೆಯ ಜಿಡ್ಡು, ಪಿಷ್ಟ ಸೋಪಿನಲ್ಲಿ ಕರಗಿ ನೀರಿನ ಜೊತೆ ಹೋಗುತ್ತವೆ. ಮರಳು ಕರಗುವುದಿಲ್ಲ. ಶೂ ಬಟ್ಟೆಯಿಂದ ಬಿಡುವ ನೂಲು, ಜುಂಗು ಕೂಡ ಕರಗುವುದಿಲ್ಲ. ತಳದ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎತ್ತಿದರೆ ಎರಡು ಮೂರು ಭಾಗ ಕಾಣುತ್ತದೆ: ದೊಡ್ಡ ಚೂರು ಹಿಡಿಯುವ ಕೊಳವೆ, ಅದರ ಸುತ್ತ ಸಣ್ಣ ಜಾಲರಿ, ಕೆಳಗೆ ಹರಡಿದ ಚಪ್ಪಟೆ ಜಾಲರಿ. ನುಣ್ಣನೆ ಮಣ್ಣು ಇವನ್ನೆಲ್ಲ ದಾಟಿ ಪಂಪಿನ ಗುಂಡಿಯಲ್ಲಿ ಕೆಸರಾಗಿ ಕೂರುತ್ತದೆ. ಫಿಲ್ಟರ್ ಸರಿಯಾಗಿ ಕೂತಿರದಿದ್ದರೆ ದಪ್ಪ ಮರಳೂ ಒಳಗೆ ಹೋಗಿ ಪಂಪಿನ ರೆಕ್ಕೆಯನ್ನು ಸವೆಸುತ್ತದೆ; ಹೊರಗೆ ಚಿಮ್ಮಿದ್ದು ಮುಂದಿನ ಸಲ ಗಾಜಿನ ಲೋಟದ ಮೇಲೆ ಗೀರು ಎಳೆಯುತ್ತದೆ. ನೂಲು ತೋಳಿನ ರಂಧ್ರದಲ್ಲಿ ಸಿಕ್ಕಿಕೊಂಡರೆ ಆ ಕಡೆಯ ಪಾತ್ರೆಗೆ ನೀರೇ ತಲುಪುವುದಿಲ್ಲ. ಮೇಲಿನ ತಟ್ಟೆಯ ಲೋಟಗಳು ಕಾರಣವಿಲ್ಲದೆ ಮಸುಕಾಗತೊಡಗಿದರೆ ಮೊದಲು ನೋಡಬೇಕಾದದ್ದು ಇದನ್ನೇ. ಜೊತೆಗೆ, ಪ್ರತಿ ತೊಳೆತದ ಕೊನೆಯಲ್ಲೂ ಫಿಲ್ಟರಿನ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಅದು ಯಂತ್ರದ ದೋಷ ಅಲ್ಲ, ರಚನೆಯೇ ಹಾಗೆ.

ಯಂತ್ರದೊಳಗಿನ ಇಂಥ ತೇವದಲ್ಲಿ ಏನು ಬೆಳೆಯುತ್ತದೆ ಎಂಬುದನ್ನು ಸ್ಲೊವೇನಿಯಾದ ಲ್ಯುಬ್ಲಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. 18 ದೇಶಗಳ 189 ಡಿಶ್‌ವಾಶರ್‌ಗಳ ಬಾಗಿಲಿನ ರಬ್ಬರನ್ನು ಪರೀಕ್ಷಿಸಿದಾಗ ಶೇ 62ರಲ್ಲಿ ಶಿಲೀಂಧ್ರ ಸಿಕ್ಕಿತು. ಹಾಗೆ ಸಿಕ್ಕ ಯಂತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎಕ್ಸೋಫಿಯಾಲಾ ಎಂಬ ಕಪ್ಪು ಯೀಸ್ಟ್ ಇತ್ತು. ಬಿಸಿ, ಉಪ್ಪು, ಕ್ಷಾರ ಮೂರನ್ನೂ ತಾಳಿಕೊಳ್ಳುವ ಜಾತಿ ಇದು. ಆರೋಗ್ಯವಂತರಿಗೆ ಇದರಿಂದ ಭಯವಿಲ್ಲ. ಸಿಸ್ಟಿಕ್ ಫೈಬ್ರೋಸಿಸ್‌ನಂಥ ಶ್ವಾಸಕೋಶದ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ ಮಾತ್ರ ಎಚ್ಚರ ಬೇಕು. ಗಮನಿಸಿ, ಅವು ಪಾತ್ರೆ ತೊಳೆಯುವ ಯಂತ್ರಗಳು. ಬರೀ ಪಾತ್ರೆಯಿಂದಲೇ ಈ ಸ್ಥಿತಿ ಇರುವಾಗ ಮಣ್ಣು, ಬೆವರು, ನೂಲು ಸೇರಿಸಿದರೆ ಅವಕ್ಕೆ ಮೇವು ಹೆಚ್ಚುತ್ತದೆ.

ಇಷ್ಟೆಲ್ಲ ಆದ ಮೇಲೂ, ಒಮ್ಮೆ ಶೂ ತೊಳೆದ ಯಂತ್ರದಲ್ಲಿ ಮತ್ತೆ ಉಣ್ಣುವ ತಟ್ಟೆ ಇಡಲೇಬಾರದು ಅನ್ನುವುದು ಅತಿಯಾಯಿತು. ಫಿಲ್ಟರ್ ತೊಳೆದು, ಸೋಪು ಹಾಕಿ ಖಾಲಿ ಯಂತ್ರವನ್ನು 65–70 ಡಿಗ್ರಿಗೆ ಓಡಿಸಿದರೆ ತಟ್ಟೆಗೆ ಬರುವ ಅಪಾಯ ಬಹಳ ಕಡಿಮೆ. ತಕರಾರು ಇರುವುದು ಲಾಭದ ಬಗ್ಗೆ. ಆ ಖಾಲಿ ಓಟಕ್ಕೆ ಇನ್ನೊಂದು ಹತ್ತು ಹನ್ನೆರಡು ಲೀಟರ್ ನೀರು, ಒಂದು ಯೂನಿಟ್ ಆಸುಪಾಸು ಕರೆಂಟು, ಎರಡು ಗಂಟೆ ಖರ್ಚು. ಅದೇ ಶೂ ಬಕೆಟ್ಟಿನಲ್ಲಿ ಹತ್ತು ನಿಮಿಷದ ಕೆಲಸ, ಅದೂ ಹೆಚ್ಚು ಚೊಕ್ಕಟವಾಗಿ. ಶೂ ಜೊತೆಗೆ ಪಾತ್ರೆಯನ್ನೂ ಒಂದೇ ಸಲಕ್ಕೆ ಹಾಕುವುದಂತೂ ಯಾವ ಬಿಸಿಯಲ್ಲೂ ಬೇಡ.

ಬಟ್ಟೆ, ಅಂಟು, ಫೋಮ್ ಯಾವುದೂ ಇಲ್ಲದ, ಒಂದೇ ರಬ್ಬರಿನ ಅಚ್ಚಿನಲ್ಲಿ ಮಾಡಿದ ಬಚ್ಚಲಮನೆಯ ಚಪ್ಪಲಿಯನ್ನು ಹಾಕಲೇಬೇಕು ಅಂದರೆ ಕ್ರಮ ಹೀಗಿರಲಿ. ಮೊದಲು ನಲ್ಲಿಯ ಕೆಳಗೆ ಬ್ರಷ್‌ನಿಂದ ಮಣ್ಣು ಪೂರ್ತಿ ಬಿಡಿಸಿ. ಮೇಲಿನ ತಟ್ಟೆಯಲ್ಲೇ ಇಡಿ, ಏಕೆಂದರೆ ಕೆಲವು ಯಂತ್ರಗಳಲ್ಲಿ ಬಿಸಿ ಮಾಡುವ ಕಾಯಿಲ್ ತಳದಲ್ಲಿ ತೆರೆದೇ ಇರುತ್ತದೆ, ಜಾರಿ ಬಿದ್ದದ್ದು ಅದರ ಮೇಲೆ ಕರಗಿ ಅಂಟುತ್ತದೆ. 40–45 ಡಿಗ್ರಿಯ ಕ್ರಮ, ಅರ್ಧ ಅಳತೆ ಸೋಪು, ಬಿಸಿಗಾಳಿಯಿಂದ ಒಣಗಿಸುವುದು ಬೇಡ. ಮುಗಿದ ಮೇಲೆ ಮೇಲೆ ಹೇಳಿದ ಖಾಲಿ ಓಟ ತಪ್ಪಿಸಬೇಡಿ.

ಮನೆಯ ಬೇರೆ ಸಾಮಾನುಗಳ ವಿಷಯಕ್ಕೆ ಬಂದರೆ ಕಥೆ ಇಷ್ಟು ಕಠಿಣವಲ್ಲ. ಫ್ರಿಜ್ಜಿನ ಸಾದಾ ಪ್ಲಾಸ್ಟಿಕ್ ಡಬ್ಬಿ, ಸೋಪಿನ ತಟ್ಟೆ, ಹಲ್ಲುಜ್ಜುವ ಬ್ರಷ್ ಇಡುವ ಲೋಟ, ನಾಯಿ ಬೆಕ್ಕಿನ ಊಟದ ಬಟ್ಟಲು, ತರಕಾರಿ ಕತ್ತರಿಸುವ ಪ್ಲಾಸ್ಟಿಕ್ ಹಲಗೆ ಇವಕ್ಕೆಲ್ಲ ಡಿಶ್‌ವಾಶರ್ ಒಳ್ಳೆಯದೇ. ಹಸಿ ಮಾಂಸ ಕತ್ತರಿಸಿದ ಹಲಗೆಯ ಗೀರುಗಳನ್ನು ಕೈಯಲ್ಲಿ ತೊಳೆಯುವುದಕ್ಕಿಂತ 65 ಡಿಗ್ರಿಯ ನೀರು ಚೆನ್ನಾಗಿ ತೊಳೆಯುತ್ತದೆ. ಪ್ಲಾಸ್ಟಿಕ್ ತಳದ ತ್ರಿಕೋನದೊಳಗಿನ ಅಂಕಿ ನೋಡಿ: 5 ಇದ್ದರೆ ಪಾಲಿಪ್ರೊಪಿಲೀನ್, ಬಿಸಿ ತಡೆಯುತ್ತದೆ. 1 ಇದ್ದರೆ ಪೆಟ್, 70 ಡಿಗ್ರಿಯ ಹೊತ್ತಿಗೆ ಸೊಟ್ಟಗಾಗುತ್ತದೆ. 3ಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಬಳಸಿ ಮಾಡಿದ್ದು 60 ಡಿಗ್ರಿಯಲ್ಲೇ ಮೆತ್ತಗಾಗುತ್ತದೆ. ಗಾಜಿನ ಫ್ರಿಜ್ ತಟ್ಟೆಯನ್ನು ತಣ್ಣಗಿರುವಾಗಲೇ ಹಾಕಬೇಡಿ, ಕೋಣೆಯ ಬಿಸಿಗೆ ಬರಲಿ. ಚಿಮಣಿಯ ಜಿಡ್ಡಿನ ಜಾಲರಿಯನ್ನು ನಿಲ್ಲಿಸಿಟ್ಟು ಇಂಟೆನ್ಸಿವ್‌ನಲ್ಲಿ ಓಡಿಸಬಹುದು. ಅದು ಅಲ್ಯೂಮಿನಿಯಂ ಆದರೆ ಕ್ಷಾರಕ್ಕೆ ಬೂದಿ ಬಣ್ಣ ತಿರುಗುತ್ತದೆ, ಕೆಲಸಕ್ಕೆ ತೊಂದರೆಯಿಲ್ಲ.

ಪಾತ್ರೆ ಉಜ್ಜುವ ಸ್ಪಂಜಿನದ್ದು ಸ್ವಾರಸ್ಯದ ವಿಷಯ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2007ರಲ್ಲಿ ಪರೀಕ್ಷಿಸಿದಾಗ, ಒಣಗಿಸುವ ಹಂತದವರೆಗೂ ಡಿಶ್‌ವಾಶರ್‌ನಲ್ಲಿ ಓಡಿಸಿದ ಸ್ಪಂಜಿನಲ್ಲಿ ಶೇ 99.9998ರಷ್ಟು ಬ್ಯಾಕ್ಟೀರಿಯಾ ಸತ್ತಿದ್ದವು. ಹಾಗಾದರೆ ಒಂದೇ ಸ್ಪಂಜನ್ನು ವರ್ಷಗಟ್ಟಲೆ ಬಳಸಬಹುದೇ? ಇಲ್ಲ. ಜರ್ಮನಿಯಲ್ಲಿ 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆಗಾಗ ಶುದ್ಧಿ ಮಾಡುತ್ತಿದ್ದ ಸ್ಪಂಜುಗಳಲ್ಲಿ ಬ್ಯಾಕ್ಟೀರಿಯಾ ಕಡಿಮೆಯೇನೂ ಇರಲಿಲ್ಲ. ಸಾಯದೆ ಉಳಿದ ಒಂದಿಷ್ಟು ಬ್ಯಾಕ್ಟೀರಿಯಾ ತೇವದಲ್ಲಿ ಮತ್ತೆ ಹಬ್ಬುತ್ತವೆ. ಶೂವಿನ ಫೋಮ್ ಕೂಡ ಅಂಥದ್ದೇ ಸ್ಪಂಜು ಎಂದು ಇಲ್ಲಿ ನೆನಪಿಸಿಕೊಂಡರೆ ಸಾಕು.

ಆಟಿಕೆಗಳಲ್ಲಿ ಬ್ಯಾಟರಿ, ಸ್ಕ್ರೂ, ಅಂಟಿಸಿದ ಚಿತ್ರ ಇಲ್ಲದ ಗಟ್ಟಿ ಪ್ಲಾಸ್ಟಿಕ್ಕಿನವು ಸರಿ, ಸಣ್ಣವನ್ನು ಜಾಲರಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಲೆಗೋ ಬೇಡ, 40 ಡಿಗ್ರಿಗಿಂತ ಬಿಸಿ ನೀರು ಬೇಡ, ಕೈಯಲ್ಲೇ ತೊಳೆಯಿರಿ ಎಂದು ತಯಾರಕರೇ ಹೇಳುತ್ತಾರೆ. ಒತ್ತಿದರೆ ನೀರು ಚಿಮ್ಮುವ ಸ್ನಾನದ ಆಟಿಕೆಯನ್ನೂ ಹಾಕಬೇಡಿ. ಒಳಗೆ ಸೇರಿದ ನೀರು ಬರುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಬಾಚಣಿಗೆ ಹಾಕುವುದಾದರೆ ಒಂದು ಕೂದಲೂ ಇಲ್ಲದಂತೆ ಬಿಡಿಸಿರಬೇಕು. ಕೂದಲು ಪಂಪಿನ ಕಡ್ಡಿಗೆ ಸುತ್ತಿಕೊಂಡರೆ ಬಿಚ್ಚುವ ಕೂಲಿ ಹೊಸ ಬಾಚಣಿಗೆಗಿಂತ ಹೆಚ್ಚು.

ಖಡಾಖಂಡಿತವಾಗಿ ಬೇಡ ಅನ್ನುವುವು ಕೆಲವಿವೆ. ಶೌಚಾಲಯದ ಬ್ರಷ್, ಬೆಕ್ಕಿನ ಮಲದ ತಟ್ಟೆ: ಕಾರಣ ಹೇಳಬೇಕಿಲ್ಲ. ಪೇಂಟ್ ಬ್ರಷ್, ಥಿನ್ನರ್ ಅಥವಾ ಪೆಟ್ರೋಲ್ ಸೋಂಕಿದ ಯಾವುದೇ ಭಾಗ: ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಗೆ ಆವಿಯಾಗಿ ಸ್ಫೋಟಿಸುವ ಅಪಾಯವಿದೆ. ಮೇಣದ ಬತ್ತಿಯ ಗಾಜಿನ ಜಾಡಿ: ಮೇಣ ಬಿಸಿಯಲ್ಲಿ ಕರಗಿ, ಹೊರಹೋಗುವ ಪೈಪಿನಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ. ಕಾಗದದ ಲೇಬಲ್ ಇರುವ ಬಾಟಲಿಯೂ ಅಷ್ಟೇ, ನೆಂದ ಕಾಗದ ಮುದ್ದೆಯಾಗಿ ಫಿಲ್ಟರನ್ನು ಮುಚ್ಚುತ್ತದೆ.

ಯಾರೋ ಈಗಾಗಲೇ ಕೊಳಕು ಶೂ ಹಾಕಿ ತೊಳೆದಾಗಿದ್ದರೆ ಹೀಗೆ ಮಾಡಿ. ಕೈಗೆ ಗ್ಲೌಸ್ ಹಾಕಿ ಫಿಲ್ಟರ್ ಭಾಗಗಳನ್ನು ಬಿಡಿಸಿ, ಅಡುಗೆಮನೆಯ ಸಿಂಕಿನಲ್ಲಲ್ಲದೆ ಹೊರಗಿನ ನಲ್ಲಿಯಲ್ಲಿ, ಹಳೆಯ ಟೂತ್‌ಬ್ರಷ್‌ನಿಂದ ಒಳಗಿನಿಂದ ಹೊರಕ್ಕೆ ಉಜ್ಜಿ. ಗುಂಡಿಯಲ್ಲಿ ನಿಂತ ನೀರನ್ನು ಬಟ್ಟೆಯಿಂದ ಹೀರಿ ತೆಗೆಯಿರಿ. ಬೆರಳಿಗೆ ಮರಳು ತಾಗುತ್ತಿದ್ದರೆ ಲೋಟದಲ್ಲಿ ನೀರು ಹಾಕಿ ಮತ್ತೆ ಹೀರಿ. ಗಾಜಿನ ಚೂರೂ ಇರಬಹುದು, ಹುಷಾರು. ತೋಳುಗಳನ್ನು ಕಳಚಿ ಅಲುಗಾಡಿಸಿ, ಒಳಗೆ ಗರಗರ ಸದ್ದು ಬಂದರೆ ಮರಳಿದೆ ಎಂದರ್ಥ. ರಂಧ್ರಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ, ನಲ್ಲಿಗೆ ಹಿಡಿದು ಜಾಲಿಸಿ. ಬಾಗಿಲಿನ ಕೆಳ ಅಂಚಿಗೆ ನೀರು ಚಿಮ್ಮುವುದಿಲ್ಲವಾದ್ದರಿಂದ ಕೊಳೆ ಅಲ್ಲೇ ನಿಲ್ಲುತ್ತದೆ; ರಬ್ಬರಿನ ಮಡಿಕೆ ಬಿಡಿಸಿ ಸೋಪು ನೀರಿನ ಬಟ್ಟೆಯಿಂದ ಒರೆಸಿ. ಎಲ್ಲ ಜೋಡಿಸಿ, ಫಿಲ್ಟರ್ ಬಿಗಿಯಾಗಿ ಕೂತಿದೆಯೇ ನೋಡಿ, ಮಾಮೂಲಿ ಅಳತೆಯ ಸೋಪು ಹಾಕಿ ಖಾಲಿ ಯಂತ್ರವನ್ನು ಅತಿ ಬಿಸಿಯ ಕ್ರಮದಲ್ಲಿ ಓಡಿಸಿ. ಬ್ಲೀಚ್ ಹಾಕುವ ಆಸೆ ಬೇಡ. ಕ್ಲೋರಿನ್ ಸ್ಟೀಲ್ ತೊಟ್ಟಿಯಲ್ಲಿ ಚುಕ್ಕಿ ತುಕ್ಕು ಹಿಡಿಸುತ್ತದೆ, ಸಿಟ್ರಿಕ್ ಆಮ್ಲ ಅಥವಾ ವಿನಿಗರ್ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ. ಮುಗಿದ ಮೇಲೆ ಬಾಗಿಲನ್ನು ಒಂದೆರಡು ಗಂಟೆ ಓರೆಯಾಗಿ ತೆರೆದಿಡಿ.

ಶೂವಿಗೆ ಬೇಕಾದದ್ದು ಬೇರೆ ದಾರಿ. ಹಸಿ ಕೆಸರನ್ನು ಉಜ್ಜಿದರೆ ಬಟ್ಟೆಯೊಳಕ್ಕೆ ಇಳಿಯುತ್ತದೆ, ಒಣಗಲು ಬಿಟ್ಟು ಅಟ್ಟೆಗೆ ಅಟ್ಟೆ ಬಡಿದು ಉದುರಿಸಿ. ಲೇಸು, ಒಳಗಿನ ಮೆತ್ತೆ ಎರಡನ್ನೂ ಹೊರಗೆ ತೆಗೆಯಿರಿ. ಐದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬಟ್ಟೆ ಲಿಕ್ವಿಡ್ ಸಾಕು. ಮೇಲ್ಭಾಗಕ್ಕೆ ಮೆತ್ತನೆಯ ಬ್ರಷ್, ಅಟ್ಟೆಗೆ ಗಡುಸಾದದ್ದು. ಮೊದಲು ಮೇಲ್ಭಾಗ, ಕೊನೆಗೆ ಅಟ್ಟೆ. ಶೂವನ್ನು ಬಕೆಟ್ಟಿನಲ್ಲಿ ಮುಳುಗಿಸಿ ಇಡಬೇಡಿ, ಅಂಟು ನೆನೆಯುತ್ತದೆ. ಬಟ್ಟೆ ಶೂ ಆದರೆ ವಾಷಿಂಗ್ ಮೆಷಿನ್ನಿನಲ್ಲಿ ಜಾಲರಿ ಚೀಲದೊಳಗೆ, ಒಂದೆರಡು ಹಳೆ ಟವೆಲ್ ಜೊತೆ, 30 ಡಿಗ್ರಿಯಲ್ಲಿ, ಹಿಂಡುವ ವೇಗವನ್ನು ನಿಮಿಷಕ್ಕೆ 400–600 ಸುತ್ತಿಗೆ ಇಳಿಸಿ ಹಾಕಬಹುದು. ವಾಸನೆಯ ಮೂಲ ಸಾಮಾನ್ಯವಾಗಿ ಒಳ ಮೆತ್ತೆಯೇ. ಬೆವರಿನ ಅಮೈನೋ ಆಮ್ಲವನ್ನು ಚರ್ಮದ ಬ್ಯಾಕ್ಟೀರಿಯಾ ಒಡೆದಾಗ ಬರುವ ಐಸೋವಲೆರಿಕ್ ಆಮ್ಲದ ವಾಸನೆ ಅದು. ತೊಳೆದೂ ಹೋಗದಿದ್ದರೆ ಮೆತ್ತೆ ಬದಲಿಸುವುದೇ ಸುಲಭ.

ಒಣಗಿಸುವುದರಲ್ಲಿ ಆತುರ ಬೇಡ. ಒಳಗೆ ಕಾಗದ ತುರುಕಿ, ಮೊದಲ ಸಲ ಒಂದು ಗಂಟೆಗೇ ಬದಲಿಸಿ. ಆ ಒಂದು ಗಂಟೆಯಲ್ಲೇ ಹೆಚ್ಚಿನ ನೀರು ಎಳೆದಿರುತ್ತದೆ. ಆಮೇಲೆ ನೆರಳಲ್ಲಿ, ಫ್ಯಾನಿನ ಎದುರು, ಬಾಯಿ ಗಾಳಿಗೆ ಮುಖ ಮಾಡುವಂತೆ ಓರೆಯಾಗಿ ಇಡಿ. ದಪ್ಪ ಫೋಮಿನ ಶೂಗೆ 24ರಿಂದ 48 ಗಂಟೆ ಬೇಕು. ಮೇಲೆ ಒಣಗಿದಂತೆ ಕಂಡರೂ ಬೆರಳುಗಳ ಜಾಗದಲ್ಲಿ ಒಳಗೆ ಕೈ ಹಾಕಿ ಒತ್ತಿ ನೋಡಿ. ತಣ್ಣಗೆ ತಾಗಿದರೆ ಇನ್ನೂ ನೀರಿದೆ, ಮೆತ್ತೆ ಹಾಕಬೇಡಿ.